ಯುದ್ಧಾಪರಾಧಗಳ ವಿಚಾರಣೆಯೂ ನಮ್ಮ ದೇಶದ ಕಾನೂನೂ

(ಕಡೂರು, ತರೀಕೆರೆ, ಅಜ್ಜಂಪುರಗಳ ಸಭೆಗಳಲ್ಲಿ ಮಾಡಿದ ಭಾಷಣದ ಬರಹರೂಪ)



ಹಮಾಲಿಯ ದರ, ಗಿರಣಿಯ ಬೋನಸ್ಸು, ಕೊಬ್ಬರಿಯ ಧಾರಣೆ ಇವುಗಳನ್ನೆಲ್ಲ ಬಿಟ್ಟು ಜರ್ಮನಿಯ ನ್ಯೂರೆಂಬರ್ಗ್ ಎಂಬ ಊರಿನ ಮಾತನ್ನು ಇಲ್ಲಿ ಏಕೆ ಎತ್ತುತ್ತೀರಿ ಎಂದು ನಮ್ಮವರೇ ಕೆಲವರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅಧಿಕಾರದಲ್ಲಿರುವವನು ಸಾವಿರ ಜನರನ್ನು ಕೊಲ್ಲಿಸಿದರೆ ಅವನನ್ನು ಯಾವ ಕೋರ್ಟಿಗೆ ಎಳೆಯಬೇಕು, ಯಾರು ಎಳೆಯಬೇಕು ಎಂಬುದು ಇಂದಿನ ವಿಷಯ. ಒಬ್ಬನನ್ನು ಕೊಂದವನಿಗೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಸಾವಿರ ಜನರನ್ನು ಕೊಂದವನ ವಿಷಯದಲ್ಲಿ ನಮ್ಮ ದೇಶದ ಕಾನೂನು ಏನು ಹೇಳುತ್ತದೆಂಬುದು ಬಹಳ ವಿದ್ಯಾವಂತರಿಗೂ ಗೊತ್ತಿಲ್ಲ.

ಇಲ್ಲಿಯ ಸಂಗತಿಯಿಂದಲೇ ಹೊರಡೋಣ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಅಮಲ್ದಾರರು ಇಂತಿಷ್ಟು ಹಣ ಒಪ್ಪಿಸುತ್ತೇವೆಂದು ಮೇಲೆ ಷರ್ತು ಬರೆದುಕೊಟ್ಟು ಕೆಳಗೆ ರೈತನ ಚರ್ಮ ಸುಲಿಯುತ್ತಿದ್ದರು. ಮೈಸೂರು ಅರಸರ ತಲೆಯ ಮೇಲೆ ಕಂಪನಿ ಸರ್ಕಾರಕ್ಕೆ ವರ್ಷಂಪ್ರತಿ ಏಳು ಲಕ್ಷ ವರಹ ಕಟ್ಟುವ ಹೊರೆಯೂ ಇತ್ತು. ತರೀಕೆರೆಯ ಪಾಳೆಯಗಾರ ಮನೆತನದವರು ಈ ದಂಗೆಗೆ ಕೈಜೋಡಿಸಿದರು. ಕಂಪನಿಯ ಪಲ್ಟಣಗಳು ಬಂದು ದಂಗೆಯನ್ನು ಅಡಗಿಸಿದವು. 1834ರಲ್ಲಿ ತರೀಕೆರೆಯ ಸರ್ಜಾ ಹನುಮಪ್ಪ ನಾಯಕನನ್ನು ಗಲ್ಲಿಗೇರಿಸಿದರು. ದಂಗೆಗೆ ಕಾರಣವೇನೆಂದು ತಿಳಿಯಲು ಒಂದು ವಿಚಾರಣಾ ಸಮಿತಿಯೂ ನೇಮಕವಾಯಿತು. ಅದರ ತಮಾಷೆ ನೋಡಿರಿ. ಅರಸರಿಂದ ಆಡಳಿತವನ್ನು ಕಿತ್ತುಕೊಂಡದ್ದು 1831ರಲ್ಲಿ. ಸಮಿತಿಯ ವರದಿ ಬಂದದ್ದು 1833ರಲ್ಲಿ. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ! ಸಮಿತಿಯಲ್ಲಿ ಕುಳಿತವರೆಲ್ಲ ಕಂಪನಿಯ ಅಧಿಕಾರಿಗಳು. ಅವರಲ್ಲೊಬ್ಬನಾದ ಮಾರ್ಕ್ ಕಬ್ಬನ್ 1834ರಲ್ಲಿ ಮೈಸೂರಿಗೆ ಕಮಿಷನರನಾಗಿ 1861ರವರೆಗೂ ಆಳಿದ. ದಂಗೆಗಾರರ ವಿಚಾರಣೆಯಾಯಿತು, ಅರಸರ ವಿಚಾರಣೆಯಾಯಿತು, ಕಂಪನಿಯ ವಿಚಾರಣೆ ಮಾತ್ರ ಆಗಲಿಲ್ಲ.

ಗೆದ್ದವನದೇ ಸೊತ್ತು, ಗೆದ್ದವನದೇ ನ್ಯಾಯ ಎಂಬುದು ಅಂದಿನ ಲೋಕದ ರೂಢಿ. ಅಜ್ಜಂಪುರದವರು ತಮ್ಮ ಕಾವಲಿನ ಅಮೃತಮಹಲ್ ದನಗಳನ್ನೇ ಕೇಳಬಹುದು. ಹೈದರಾಲಿ, ಟಿಪ್ಪುವಿನ ಫಿರಂಗಿಗಳನ್ನೆಳೆದ ಈ ತಳಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರ ಪಾಲಾಗಿ ಅವರ ಫಿರಂಗಿಗಳನ್ನು ಎಳೆಯಿತು. ಎತ್ತಿಗೆ ಒಡೆಯ ಬದಲಾದನೇ ಹೊರತು ನೊಗ ಬದಲಾಗಲಿಲ್ಲ.

ಯುದ್ಧಕ್ಕೂ ಕಟ್ಟಲೆ ಬೇಕೆಂಬ ಮಾತು 1899 ಮತ್ತು 1907ರಲ್ಲಿ ಹೇಗ್ ನಗರದಲ್ಲಿ ಕೂಡಿದ ಸಮ್ಮೇಳನಗಳಲ್ಲಿ ಕಾಗದದ ಮೇಲೆ ಬಂದಿತು. ಸೆರೆಸಿಕ್ಕವರನ್ನು ಕೊಲ್ಲಬಾರದು, ಊರನ್ನು ಲೂಟಿ ಮಾಡಬಾರದು ಎಂದು ರಾಜ್ಯಗಳು ಒಪ್ಪಿ ರುಜು ಹಾಕಿದವು. ಆದರೆ ಕಟ್ಟಲೆ ಮುರಿದವನನ್ನು ಹಿಡಿಯುವ ಪೇದೆ ಇರಲಿಲ್ಲ. ಮೊದಲನೆಯ ಮಹಾಯುದ್ಧವಾದ ಮೇಲೆ ಜರ್ಮನಿಯ ಕೈಸರನನ್ನು ವಿಚಾರಣೆಗೆ ಒಳಪಡಿಸುತ್ತೇವೆಂದು ವರ್ಸೇಲ್ಸ್ ಒಪ್ಪಂದದಲ್ಲಿ ಬರೆದರು. ಅವನು ಹಾಲೆಂಡಿಗೆ ಹೋಗಿ ಕುಳಿತ, ಹಾಲೆಂಡಿನವರು ಒಪ್ಪಿಸಲಿಲ್ಲ, ಅಲ್ಲಿಗೆ ಮುಗಿಯಿತು.

1945ರಲ್ಲಿ ಮಾತು ಬೇರೆಯಾಯಿತು. ಆ ವರ್ಷ ಆಗಸ್ಟ್ 8ರಂದು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ರಷ್ಯಗಳು ಲಂಡನ್ನಿನಲ್ಲಿ ಕೂಡಿ ನಾಜಿ ಮುಖಂಡರ ವಿಚಾರಣೆಗೆ ಒಂದು ಸನ್ನದನ್ನು ಮಾಡಿಕೊಂಡವು. ಆಕ್ರಮಣದ ಯುದ್ಧ ಹೂಡುವುದು ಒಂದು ಅಪರಾಧ. ಯುದ್ಧದ ಕಟ್ಟಲೆಗಳನ್ನು ಮುರಿಯುವುದು ಎರಡನೆಯದು. ನಿರಾಯುಧ ಜನರನ್ನು ಕೊಲ್ಲುವುದು, ಗುಲಾಮರನ್ನಾಗಿ ಮಾಡುವುದು, ಗಡಿಪಾರು ಮಾಡುವುದು ಮೂರನೆಯದು. ಇದಕ್ಕೆ ಮಾನವಕುಲದ ವಿರುದ್ಧ ಅಪರಾಧವೆಂದು ಹೆಸರಿಟ್ಟರು. ಈಗ ತಾರೀಖನ್ನು ಮತ್ತೊಮ್ಮೆ ನೋಡಿರಿ. ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದದ್ದು ಆಗಸ್ಟ್ 6. ನಾಗಸಾಕಿಯ ಮೇಲೆ ಬಿದ್ದದ್ದು ಆಗಸ್ಟ್ 9. ಈ ಎರಡರ ನಡುವೆ, ನಿರಾಯುಧರನ್ನು ಕೊಲ್ಲುವುದು ಮಹಾಪರಾಧವೆಂಬ ಸನ್ನದಿಗೆ ರುಜು ಬಿದ್ದಿತು.

1945ರ ನವೆಂಬರ್ 20ರಂದು ಮೊದಲಾದ ವಿಚಾರಣೆ 1946ರ ಅಕ್ಟೋಬರ್ 1ರಂದು ಮುಗಿಯಿತು. ಹನ್ನೆರಡು ಮಂದಿಗೆ ಮರಣದಂಡನೆ, ಏಳು ಮಂದಿಗೆ ಸೆರೆ, ಮೂವರಿಗೆ ಬಿಡುಗಡೆ. ಈ ವಿಚಾರಣೆಯಲ್ಲಿ ಕೊಂಕು ಬೇಕಾದಷ್ಟಿತ್ತು. ಸನ್ನದಿಗೆ ರುಜು ಹಾಕಿದ ರಷ್ಯದ ನಿಕಿಚೆಂಕೋ ತಾನೇ ನ್ಯಾಯಾಧೀಶನಾಗಿ ಕುಳಿತ. ಪೋಲೆಂಡಿನ ಸೇನಾಧಿಕಾರಿಗಳನ್ನು ಕಾಟಿನ್ ಕಾಡಿನಲ್ಲಿ ಕೊಂದವರು ಜರ್ಮನರೆಂದು ರಷ್ಯದವರೇ ಆಪಾದನೆ ಹೊರಿಸಿದರು. ತೀರ್ಪು ಆ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿತು. ಕೊಂದದ್ದು ಸ್ಟಾಲಿನ್ನನ ಪೊಲೀಸೇ ಎಂದು ಮಾಸ್ಕೋ ಒಪ್ಪಿಕೊಂಡದ್ದು 1990ರಲ್ಲಿ. ಸಮಾಜವಾದದ ಹೆಸರು ಹೇಳಿಕೊಂಡು ಮಾಡಿದ ಕೊಲೆಯನ್ನು ನಾವು ಕೊಲೆಯೆಂದೇ ಕರೆಯಬೇಕು. ಆದರೂ ಅಂದು ಪುರಾವೆಯನ್ನು ಮೇಜಿನ ಮೇಲಿಟ್ಟು, ಆಪಾದಿತರಿಗೆ ವಕೀಲರನ್ನು ಕೊಟ್ಟು, ಬಾಯಿ ಬಿಡಲು ಅವಕಾಶ ಕೊಟ್ಟು ವಿಚಾರಣೆ ನಡೆಸಿದರು. ಮೂವರು ಬಿಡುಗಡೆಯಾದದ್ದೇ ಅದಕ್ಕೆ ಸಾಕ್ಷಿ. ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವುದಕ್ಕೂ ಇದಕ್ಕೂ ಅಜಗಜಾಂತರವುಂಟು.

ಗಿರಣಿಯಲ್ಲಿ ದುಡಿಯುವವರು, ಅಂಗಡಿ ಇಟ್ಟವರು ಮುಖ್ಯವಾಗಿ ಗಮನಿಸಬೇಕಾದ ವಿಚಾರಣೆಗಳು ಇದರ ನಂತರ ಬಂದವು. ಪತ್ರಿಕೆಗಳಲ್ಲಿ ಹಿಟ್ಲರನ ಸೇನಾಪತಿಗಳ ಕತೆ ಬರುತ್ತದೆ, ಇವುಗಳ ಕತೆ ಬರುವುದಿಲ್ಲ.

ನ್ಯೂರೆಂಬರ್ಗಿನಲ್ಲೇ ಅಮೆರಿಕನ್ನರು ಫ್ಲಿಕ್, ಐ.ಜಿ. ಫಾರ್ಬೆನ್, ಕ್ರುಪ್ ಎಂಬ ಮೂರು ದೊಡ್ಡ ಕಾರ್ಖಾನೆಗಳ ಧಣಿಗಳನ್ನು ಕಟಕಟೆಗೆ ತಂದರು. ಕ್ರುಪ್ ಎಂದರೆ ಉಕ್ಕು ಮತ್ತು ಫಿರಂಗಿ. ಫಾರ್ಬೆನ್ ಎಂದರೆ ಬಣ್ಣ, ರಸಾಯನ, ಔಷಧ. ಆಷ್ವಿಟ್ಸ್ ಶಿಬಿರದ ಪಕ್ಕದಲ್ಲೇ ಫಾರ್ಬೆನ್ ಕಂಪನಿ ಮೊನೊವಿಟ್ಸ್ ಎಂಬಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಕಟ್ಟಿತು. ಶಿಬಿರದ ಸೆರೆಯಾಳುಗಳನ್ನು ದಿನಕ್ಕೆ ಇಷ್ಟೆಂದು ನಾಜಿ ದಳಕ್ಕೆ ಬಾಡಿಗೆ ಕೊಟ್ಟು ದುಡಿಸಿಕೊಂಡಿತು. ದುಡಿದವನ ಕೈಗೆ ಕಾಸಿಲ್ಲ. ಮೈಯಲ್ಲಿ ಶಕ್ತಿಯಿರುವವರೆಗೆ ದುಡಿತ, ಶಕ್ತಿ ಕುಂದಿದ ದಿನ ಅವನನ್ನು ವಿಷವಾಯುವಿನ ಕೋಣೆಗೆ ಕಳಿಸಿ ಬದಲಿ ಆಳನ್ನು ತರಿಸುವುದು. ಕೂಲಿಯವನ ಪ್ರಾಣವನ್ನು ಕಚ್ಚಾ ಮಾಲಿನಂತೆ ಲೆಕ್ಕಕ್ಕೆ ಬರೆಯುವ ಲೆಕ್ಕಾಚಾರ ಅಲ್ಲಿ ತುತ್ತತುದಿಗೆ ಮುಟ್ಟಿತು.

ಶಿಕ್ಷೆಯೇನಾಯಿತು? 1948ರ ಜುಲೈ ಕೊನೆಯಲ್ಲಿ ತೀರ್ಪು ಬಂತು. ಫಾರ್ಬೆನ್ನಿನ ಹದಿಮೂರು ಮಂದಿಗೆ ಸೆರೆಯಾಯಿತು. ಅತಿ ಹೆಚ್ಚಿನ ಶಿಕ್ಷೆ ಎಂಟು ವರ್ಷ. ಆಲ್ಫ್ರೀಡ್ ಕ್ರುಪ್‌ಗೆ ಹನ್ನೆರಡು ವರ್ಷ ಸೆರೆ, ಆಸ್ತಿಯೆಲ್ಲ ಮುಟ್ಟುಗೋಲು. ಅಷ್ಟರಲ್ಲಿ ಅಮೆರಿಕಕ್ಕೂ ರಷ್ಯಕ್ಕೂ ವೈಮನಸ್ಸು ಬೆಳೆದು ಜರ್ಮನಿಯ ಉಕ್ಕು ಮತ್ತೆ ಬೇಕಾಯಿತು. 1951ರಲ್ಲಿ ಅಮೆರಿಕದ ಹೈಕಮಿಷನರ್ ಮೆಕ್ಲಾಯ್ ಕ್ರುಪ್‌ನನ್ನು ಬಿಟ್ಟದ್ದಲ್ಲದೆ ಆಸ್ತಿಯನ್ನೂ ಹಿಂದಿರುಗಿಸಿದ. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು ಭದ್ರಾವತಿಯ ಕುಲುಮೆಗೆ ಹೋಗುತ್ತಿದ್ದ ಕಾಲವನ್ನು ಬಲ್ಲ ತರೀಕೆರೆಯ ಹಿರಿಯರಿಗೆ ಉಕ್ಕು ಎಂದರೆ ಏನೆಂದು ಹೇಳಬೇಕಾಗಿಲ್ಲ. ಸರ್ಕಾರಗಳಿಗೆ ಉಕ್ಕಿನ ಧಣಿ ಬೇಕಾದಾಗ ಅವನ ಪಾಪ ಕರಗಿಹೋಗುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಮೊಕದ್ದಮೆ. ಹ್ಯಾಂಬರ್ಗಿನಲ್ಲಿ ಬ್ರೂನೋ ಟೆಷ್ ಎಂಬ ವ್ಯಾಪಾರಿಯಿದ್ದ. ಹಡಗು, ಉಗ್ರಾಣಗಳಲ್ಲಿ ಹುಳು ಹುಪ್ಪಟೆ ಸಾಯಿಸುವ ಝೈಕ್ಲಾನ್ ಎಂಬ ವಿಷದ ವ್ಯಾಪಾರ ಅವನದು. ನಮ್ಮ ಕೊಬ್ಬರಿ, ಧಾನ್ಯದ ಗೋದಾಮುಗಳಲ್ಲಿ ಹುಳಕ್ಕೆಂದು ಗುಳಿಗೆ ಇಡುವುದಿಲ್ಲವೆ, ಆ ಜಾತಿಯ ಸರಕು. ಆಷ್ವಿಟ್ಸಿಗೆ ಅದನ್ನು ಒದಗಿಸಿದವನು ಅವನು. 1946ರ ಮಾರ್ಚಿಯಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯದ ಮುಂದೆ ಅವನ ವಾದ ಇದು: ನಾನು ಮಾರಿದ್ದು ಕ್ರಿಮಿನಾಶಕ, ಕೊಂಡವರು ಅದನ್ನು ಯಾವುದಕ್ಕೆ ಬಳಸಿದರೆಂದು ನನಗೇನು ಗೊತ್ತು? ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಅದೊಂದೇ: ಅವನಿಗೆ ಗೊತ್ತಿತ್ತೋ ಇಲ್ಲವೋ? ಸಾಕ್ಷ್ಯ ಕೇಳಿ, ಗೊತ್ತಿತ್ತು ಎಂದು ತೀರ್ಮಾನವಾಯಿತು. ಟೆಷ್‌ನಿಗೂ ಅವನ ಮುಖ್ಯ ಸಹಾಯಕ ವೈನ್‌ಬಾಖರನಿಗೂ ಗಲ್ಲಾಯಿತು. ಅದೇ ಅಂಗಡಿಯಲ್ಲಿ ಅನಿಲದ ಕೆಲಸ ನೋಡುತ್ತಿದ್ದ ನೌಕರನೊಬ್ಬನಿಗೆ ಮಾರಾಟದ ಮೇಲೆ ಅಧಿಕಾರವಿರಲಿಲ್ಲವೆಂದು ಬಿಡುಗಡೆಯಾಯಿತು.

ಈ ತೀರ್ಪಿನ ಒಳಗುಟ್ಟನ್ನು ವ್ಯಾಪಾರಿಗಳು ತಿಳಿಯಬೇಕು. ಸರಕು ಮಾರಿದ್ದು ಅಪರಾಧವಲ್ಲ. ಕೊಲೆಗೆಂದು ತಿಳಿದೂ ಮಾರಿದ್ದು ಅಪರಾಧ. ನೌಕರ ಎಂಬ ಒಂದೇ ಕಾರಣಕ್ಕೆ ಯಾರೂ ಸಿಕ್ಕಿಬೀಳುವುದಿಲ್ಲ. ತಿಳಿವಳಿಕೆಯೂ ಅಧಿಕಾರವೂ ಎರಡೂ ಇದ್ದವನು ಸಿಕ್ಕಿಬೀಳುತ್ತಾನೆ. ಹೀಗಿದ್ದೂ ಸಣ್ಣ ಕಂಪನಿಯ ಟೆಷ್ ಗಲ್ಲಿಗೆ ಹೋದ, ಕ್ರುಪ್ ತನ್ನ ಕಾರ್ಖಾನೆಗೆ ಹೋದ. ಕಾನೂನಿನ ಬಲೆಯಲ್ಲಿ ಸಣ್ಣ ಮೀನು ನಿಲ್ಲುತ್ತದೆ, ದೊಡ್ಡದು ಬಲೆಯನ್ನೇ ಹರಿದುಕೊಂಡು ಹೋಗುತ್ತದೆ ಎಂದು ಯಾರಾದರೂ ಅಂದರೆ ನಾವು ಅಲ್ಲಗಳೆಯಲಾರೆವು.

ಏಷ್ಯದ ಕಡೆ ಬರೋಣ. ಟೋಕಿಯೋ ವಿಚಾರಣೆ 1946ರ ಮೇ 3ರಂದು ಆರಂಭವಾಗಿ 1948ರ ನವೆಂಬರಿನವರೆಗೆ ನಡೆಯಿತು. ಹನ್ನೊಂದು ನ್ಯಾಯಾಧೀಶರಲ್ಲಿ ನಮ್ಮ ದೇಶದಿಂದ ಹೋದವರು ಕಲ್ಕತ್ತೆಯ ರಾಧಾವಿನೋದ ಪಾಲರು. ಅವರು ಭಿನ್ನಮತದ ಬೃಹತ್ ತೀರ್ಪು ಬರೆದು ಆಪಾದಿತರೆಲ್ಲ ನಿರ್ದೋಷಿಗಳೆಂದರು. ಯುದ್ಧ ಹೂಡುವುದು ಮೊದಲು ಅಪರಾಧವಾಗಿರಲಿಲ್ಲ, ಆಮೇಲೆ ಮಾಡಿದ ಕಾನೂನನ್ನು ಹಿಂದಿನ ಕೃತ್ಯಕ್ಕೆ ಹಚ್ಚಬಾರದು. ಏಷ್ಯವನ್ನು ಕತ್ತಿಯಿಂದ ಹಂಚಿಕೊಂಡ ಯುರೋಪಿನವರಿಗೆ ಆಕ್ರಮಣದ ಬಗ್ಗೆ ತೀರ್ಪು ಹೇಳುವ ಯೋಗ್ಯತೆ ಎಲ್ಲಿಯದು. ಅಣುಬಾಂಬು ಹಾಕಿದವರನ್ನು ಏಕೆ ಕರೆದಿಲ್ಲ – ಇವು ಅವರ ಪ್ರಶ್ನೆಗಳು.

ಪಾಲರನ್ನು ಹೊಗಳುವುದು ನಮ್ಮ ದೇಶದಲ್ಲಿ ಒಂದು ವಾಡಿಕೆಯಾಗಿಬಿಟ್ಟಿದೆ. ಅವರ ಪ್ರಶ್ನೆಗಳು ಸರಿ, ಉತ್ತರ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ನಾನ್‌ಕಿಂಗ್‌ನಲ್ಲಿ ಜಪಾನೀ ಸೈನ್ಯ ಅನಾಹುತ ಮಾಡಿದ್ದಕ್ಕೆ ಬಲವಾದ ಸಾಕ್ಷ್ಯವಿದೆಯೆಂದು ಅವರೇ ಒಪ್ಪಿದ್ದರು. ಇಂಗ್ಲಿಷರು ಕಳ್ಳರೆಂದ ಮಾತ್ರಕ್ಕೆ ಜಪಾನಿನ ಸೇನಾಪತಿಗಳು ಸಾಧುಗಳಾಗುವುದಿಲ್ಲ. ಸಯಾಮ್‌ನಿಂದ ಬರ್ಮಕ್ಕೆ 415 ಕಿಲೋಮೀಟರು ರೈಲುದಾರಿ ಹಾಕಲು ಜಪಾನೀಯರು ಮಲಯದ ರಬ್ಬರ್ ತೋಟಗಳಿಂದ ಹಿಡಿದೊಯ್ದ ತಮಿಳು ಕೂಲಿಗಳಲ್ಲಿ ಸಾವಿರಾರು ಮಂದಿ ಕಾಲರಾ, ಹಸಿವು, ಹೊಡೆತಗಳಿಂದ ಸತ್ತರು. ಅವರು ರಾಜರಲ್ಲ, ಸಿಪಾಯಿಗಳಲ್ಲ, ಕೂಲಿಯವರು. ಅವರ ಪರವಾಗಿ ಪಾಲರ ತೀರ್ಪಿನಲ್ಲಿ ಏನು ಸಿಕ್ಕಿತು?

1946ರ ಜನವರಿ ತಿಂಗಳನ್ನು ತೆಗೆದುಕೊಳ್ಳಿರಿ. ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಷಾನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಇವರ ಮೇಲೆ ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದರೆಂದು ಇಂಗ್ಲಿಷರು ನಡೆಸಿದ ವಿಚಾರಣೆ ಆಗತಾನೆ ಮುಗಿದಿತ್ತು. ಗುಲಾಮ ಜನಾಂಗಕ್ಕೆ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕು ಅಂತರರಾಷ್ಟ್ರೀಯ ಕಾನೂನಿನಲ್ಲೇ ಇದೆಯೆಂದು ಭೂಲಾಭಾಯಿ ದೇಸಾಯರು ವಾದಿಸಿದರು. ಆಜೀವ ಗಡಿಪಾರಿನ ಶಿಕ್ಷೆ ವಿಧಿಸಿ, ದೇಶ ಹೊತ್ತಿ ಉರಿಯುವುದನ್ನು ಕಂಡು ಸರ್ಕಾರವೇ ಅದನ್ನು ರದ್ದುಮಾಡಿತು. ಅದೇ ತಿಂಗಳ 21ರಂದು ಸಿಂಗಪುರದಲ್ಲಿ ಬ್ರಿಟಿಷರ ಮೊದಲನೆಯ ಯುದ್ಧಾಪರಾಧ ವಿಚಾರಣೆ ಆರಂಭವಾಯಿತು. ಅದರಲ್ಲಿ ಗೊಜಾವಾ ಎಂಬ ಜಪಾನೀ ಅಧಿಕಾರಿಯೂ ಇತರ ಒಂಬತ್ತು ಮಂದಿಯೂ ಆಪಾದಿತರು. ಅವರಿಂದ ಹಿಂಸೆಪಟ್ಟವರು ಭಾರತೀಯ ಸೆರೆಯಾಳು ಸಿಪಾಯಿಗಳು! ಒಂದು ಕಡೆ ಭಾರತೀಯ ಸಿಪಾಯಿ ದ್ರೋಹಿ, ಇನ್ನೊಂದು ಕಡೆ ಅವನಿಗಾದ ಅನ್ಯಾಯಕ್ಕೆ ಅದೇ ಸರ್ಕಾರ ನ್ಯಾಯ ಕೊಡುತ್ತದೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಚಳವಳಿಯಲ್ಲಿ ಇಬ್ಬರು ಅಧಿಕಾರಿಗಳು ಸತ್ತದ್ದಕ್ಕೆ ಐದು ಮಂದಿಯನ್ನು 1943ರ ಮಾರ್ಚಿಯಲ್ಲಿ ಗಲ್ಲಿಗೆ ಹಾಕಿದರು. ಜಲಿಯನ್‌ವಾಲಾಬಾಗಿನ ಡಯರ್ ಮಾತ್ರ ಯಾವ ಕಟಕಟೆಯನ್ನೂ ಹತ್ತದೆ ಇಂಗ್ಲೆಂಡಿನಲ್ಲಿ ಹಾಸಿಗೆಯಲ್ಲೇ ಸತ್ತ.

ಹಾಗಾದರೆ ಇದೆಲ್ಲ ಗೆದ್ದವರ ನಾಟಕವೇ? ಅಲ್ಲ. ಗೆದ್ದವರು ತಮಗಾಗಿ ಮಾಡಿಕೊಂಡ ಅಳತೆಗೋಲು ಅವರ ಕೈಯಿಂದ ಜಾರಿ ಲೋಕದ ಕೈಗೆ ಬಂದಿತು. ಈ ಕೆಲಸದಲ್ಲಿ ಕನ್ನಡ ನಾಡಿನವರೊಬ್ಬರ ಕೈಯಿತ್ತೆಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳುವುದಿಲ್ಲ. ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಎಂದು ಕೆಲವರು ಬಲ್ಲರು. ಅವರು 1949ರಿಂದ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಸದಸ್ಯರೂ ಆಗಿದ್ದರು. ನ್ಯೂರೆಂಬರ್ಗ್ ತೀರ್ಪಿನ ತಿರುಳನ್ನು ಏಳು ಸೂತ್ರಗಳಾಗಿ ಆ ಆಯೋಗ ಬರೆದದ್ದು 1950ರಲ್ಲಿ. ರಾಯರು 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋಗಿ ಮರುವರ್ಷ ತೀರಿಕೊಂಡರು. ಆಯೋಗದಲ್ಲಿ ಅವರ ನಂತರ ಭಾರತದಿಂದ ಬಂದು ಕುಳಿತವರು ಇದೇ ರಾಧಾವಿನೋದ ಪಾಲರು! ಚರಿತ್ರೆ ಒಮ್ಮೊಮ್ಮೆ ಹೀಗೆ ನಗುತ್ತದೆ.

ಆ ಏಳರಲ್ಲಿ ಮೂರು ಸೂತ್ರಗಳು ನಮಗೆ ಸಾಕು. ಅಪರಾಧ ಮಾಡಿದವನು ರಾಜ್ಯದ ಮುಖ್ಯಸ್ಥನಾಗಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ. ತನ್ನ ದೇಶದ ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯಿಲ್ಲವೆಂಬುದು ನೆವವಾಗುವುದಿಲ್ಲ. ಮೇಲಿನವರ ಹುಕುಂ ಇತ್ತೆಂಬುದೂ ನೆವವಾಗುವುದಿಲ್ಲ, ಬೇರೆ ದಾರಿ ಹಿಡಿಯಲು ಅವನಿಗೆ ಸಾಧ್ಯವಿದ್ದ ಪಕ್ಷದಲ್ಲಿ. ಈ ಮೂರನೆಯದು ನಮ್ಮ ಮನೆಮಾತಿಗೆ ಹತ್ತಿರದ್ದು. ನಮ್ಮ ಹಳ್ಳಿಗಳ ಹುಡುಗರು ಸೈನ್ಯಕ್ಕೆ, ಪೊಲೀಸಿಗೆ ಸೇರುತ್ತಾರೆ. ಹುಕುಂ ಕೊಟ್ಟವನು ಬೆಚ್ಚಗೆ ಮನೆಯಲ್ಲಿರುತ್ತಾನೆ, ಬಂದೂಕು ಹಿಡಿದವನು ಉತ್ತರ ಹೇಳಬೇಕಾಗುತ್ತದೆ. ವಿಯೆಟ್ನಾಮಿನ ಮೈಲಾಯ್ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸಿಪಾಯಿಗಳು ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದರು. ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಎಂಬ ಒಬ್ಬನಿಗೆ. ಅವನೂ ಮೂರು ನಾಲ್ಕು ವರ್ಷಗಳಲ್ಲಿ ಹೊರಗೆ ಬಂದ. ಅವನ ಮೇಲಿನವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಈಗ ನಮ್ಮ ಮನೆಯ ಲೆಕ್ಕ ನೋಡೋಣ. ಜನಾಂಗದ ನಿರ್ಮೂಲನ ಅಪರಾಧವೆಂದು ಸಾರುವ ನಿರ್ಣಯವನ್ನು 1946ರಲ್ಲಿ ವಿಶ್ವಸಂಸ್ಥೆಗೆ ತಂದ ಮೂರು ದೇಶಗಳಲ್ಲಿ ಭಾರತ ಒಂದು. ಕ್ಯೂಬಾ, ಪನಾಮಾ ಉಳಿದೆರಡು. 1948ರ ಡಿಸೆಂಬರ್ 9ರಂದು ಒಡಂಬಡಿಕೆಯಾಯಿತು, 1959ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ಒಡಂಬಡಿಕೆಯಂತೆ ದೇಶದಲ್ಲಿ ಕಾಯಿದೆ ಮಾಡಬೇಕಾಗಿತ್ತು. ಮಾಡಲಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯನ್ನು ತೆಗೆದು ಭಾರತೀಯ ನ್ಯಾಯ ಸಂಹಿತೆ ಎಂದು ಹೊಸದನ್ನು ತಂದರು. ಅದರಲ್ಲೂ ಈ ಅಪರಾಧಕ್ಕೆ ಜಾಗವಿಲ್ಲ. 1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಕಗ್ಗೊಲೆ ನಡೆಯಿತು. ಮೂವತ್ತನಾಲ್ಕು ವರ್ಷಗಳ ಮೇಲೆ, 2018ರ ಡಿಸೆಂಬರ್ 17ರಂದು, ದೆಹಲಿಯ ಹೈಕೋರ್ಟು ಮಾಜಿ ಲೋಕಸಭಾ ಸದಸ್ಯ ಸಜ್ಜನ್ ಕುಮಾರನಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ, ಮಾನವಕುಲದ ವಿರುದ್ಧ ಅಪರಾಧವಾಗಲಿ ಜನಾಂಗಹತ್ಯೆಯಾಗಲಿ ನಮ್ಮ ಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ಬೇಗ ತುಂಬಬೇಕೆಂದು ತೀರ್ಪಿನಲ್ಲೇ ಹೇಳಿತು. ಕಾಂಗ್ರೆಸ್ಸಿನವರು ಮಾಡಲಿಲ್ಲ, ಜನಸಂಘದ ಮಕ್ಕಳೂ ಮಾಡಿಲ್ಲ. ಇಬ್ಬರಿಗೂ ಅಂಜಿಕೆ ಒಂದೇ ಇರಬೇಕು.

ಯುದ್ಧಾಪರಾಧಕ್ಕೆ ಒಂದು ಕಾಯಿದೆ ಇದೆ, ಇಲ್ಲವೆನ್ನುವಂತಿಲ್ಲ. 1949ರ ಜಿನೀವಾ ಒಡಂಬಡಿಕೆಗಳಿಗೆ ಅನುಸಾರವಾಗಿ 1960ರಲ್ಲಿ ಪಾರ್ಲಿಮೆಂಟು ಮಾಡಿದ್ದು. ಗಾಯಾಳು, ಸೆರೆಯಾಳು, ನಾಗರಿಕರನ್ನು ಬೇಕೆಂದೇ ಕೊಂದವನಿಗೆ ಮರಣದಂಡನೆ ಇಲ್ಲವೆ ಜೀವಾವಧಿ. ಓದಿದರೆ ಬಹಳ ಗಟ್ಟಿಯಾದ ಕಾಯಿದೆ. ಆದರೆ ಅದರ 17ನೆಯ ಕಲಮನ್ನು ಓದಿರಿ: ಸರ್ಕಾರವಾಗಲಿ ಸರ್ಕಾರ ಹೇಳಿದ ಅಧಿಕಾರಿಯಾಗಲಿ ಫಿರ್ಯಾದು ಕೊಡದೆ ಯಾವ ನ್ಯಾಯಾಲಯವೂ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುವಂತಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಫಿರ್ಯಾದು ಕೊಡುವಂತಿಲ್ಲ. ಗೋವೆಯ ವಿಮೋಚನೆಯ ನಂತರ ಮೊಂತೇರೋ ಎಂಬ ಪಾದ್ರಿ ಈ ಒಡಂಬಡಿಕೆಯ ರಕ್ಷಣೆ ತನಗಿದೆಯೆಂದು ಸುಪ್ರೀಂ ಕೋರ್ಟಿನವರೆಗೆ ಹೋದಾಗ, ಈ ಕಾಯಿದೆ ಯಾರಿಗೂ ಕೋರ್ಟಿಗೆ ಬರುವ ಪ್ರತ್ಯೇಕ ಹಕ್ಕನ್ನು ಕೊಟ್ಟಿಲ್ಲವೆಂದು 1969ರಲ್ಲಿ ತೀರ್ಪಾಯಿತು. ಗೋದಾಮಿಗೆ ಬೀಗ ಹಾಕಿ ಕೀಲಿಯನ್ನು ಕಳ್ಳನ ಕೈಗೇ ಕೊಡುವ ಏರ್ಪಾಡು ಇದು. ಆಪಾದಿತನು ಸರ್ಕಾರದವನೇ ಆಗಿದ್ದರೆ ಸರ್ಕಾರ ತನ್ನ ಮೇಲೆ ತಾನೇ ಫಿರ್ಯಾದು ಬರೆಯುವುದೆ?

ಹೇಗ್‌ನಲ್ಲಿ 2002ರಿಂದ ಕಾಯಂ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವಿದೆ. 1998ರ ಜುಲೈ 17ರಂದು ರೋಮಿನಲ್ಲಿ ಅದರ ಶಾಸನಕ್ಕೆ 120 ದೇಶಗಳು ಒಪ್ಪಿದವು, 7 ವಿರೋಧಿಸಿದವು, ತಟಸ್ಥವಾಗುಳಿದ 21ರಲ್ಲಿ ಭಾರತವೂ ಸೇರಿತು. ಭದ್ರತಾ ಮಂಡಲಿಯ ದೊಡ್ಡಣ್ಣಂದಿರಿಗೆ ಅಲ್ಲಿ ಹಿಡಿತ ಕೊಡಬಾರದೆಂಬ ನಮ್ಮ ಆಕ್ಷೇಪ ಯೋಗ್ಯವಾದದ್ದೇ. ಅಣ್ವಸ್ತ್ರವನ್ನು ನಿಷಿದ್ಧಾಸ್ತ್ರಗಳ ಪಟ್ಟಿಗೆ ಸೇರಿಸಿರೆಂದೂ ಕೇಳಿದೆವು. ಪೋಖರಣದಲ್ಲಿ ಬಾಂಬು ಸಿಡಿಸಿ ಆಗ ಎರಡು ತಿಂಗಳಾಗಿತ್ತು! ಅಮೆರಿಕ, ರಷ್ಯ, ಚೀನಗಳೂ ಸದಸ್ಯರಲ್ಲ. ಆ ನ್ಯಾಯಾಲಯ ಆಫ್ರಿಕದವರನ್ನೇ ಹಿಡಿಯುತ್ತದೆಂಬ ದೂರು ಬಹಳ ಕಾಲ ಇತ್ತು. 2023ರ ಮಾರ್ಚಿಯಲ್ಲಿ ರಷ್ಯದ ಪುತಿನ್ ಮೇಲೆ, 2024ರ ನವೆಂಬರಿನಲ್ಲಿ ಇಸ್ರೇಲಿನ ನೆತನ್ಯಾಹು ಮೇಲೆ ದಸ್ತಗಿರಿ ವಾರಂಟು ಹೊರಟಿತು. 2025ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಆ ನ್ಯಾಯಾಲಯದವರ ಮೇಲೆಯೇ ನಿರ್ಬಂಧ ಹೇರುವ ಹುಕುಂ ಹೊರಡಿಸಿದ. ವಾರಂಟಿನಿಂದ ಏನೂ ಆಗದಿದ್ದರೆ ಇಷ್ಟು ಸಿಟ್ಟು ಏಕೆ ಬರಬೇಕಾಗಿತ್ತು?

ಮೂರೂ ಊರುಗಳ ಸಭೆಗಳಲ್ಲಿ ಒಂದು ಮನವಿ ಪತ್ರಕ್ಕೆ ಸಹಿ ಕೇಳುತ್ತಿದ್ದೇವೆ. ಜನಾಂಗಹತ್ಯೆಗೂ ಮಾನವಕುಲದ ವಿರುದ್ಧ ಅಪರಾಧಕ್ಕೂ ದೇಶದಲ್ಲಿ ಕಾಯಿದೆಯಾಗಬೇಕು. 1960ರ ಕಾಯಿದೆಯ 17ನೆಯ ಕಲಮನ್ನು ತಿದ್ದಿ ನೊಂದವರು ತಾವೇ ಫಿರ್ಯಾದು ಕೊಡುವಂತಾಗಬೇಕು. ರೋಮ್ ಶಾಸನಕ್ಕೆ ಸೇರುವ ವಿಷಯ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬರಬೇಕು. ಕಡೂರಿನವರ ಪತ್ರ ಹಾಸನದ ಲೋಕಸಭಾ ಸದಸ್ಯರಿಗೆ ಹೋಗುತ್ತದೆ. ತರೀಕೆರೆ, ಅಜ್ಜಂಪುರದವರದು ಉಡುಪಿ-ಚಿಕ್ಕಮಗಳೂರಿನ ಸದಸ್ಯರಿಗೆ. ಕಾಗದ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಪಕ್ಕದಲ್ಲಿ ಊರು, ಕಸುಬು ಬರೆಯಿಸಿರಿ.